ಸೊಳ್ಳೆಯ ಕಾಟಕ್ಕೆ ಮನೆಯ ಮದ್ದು, ಗದ್ದೆಯ ಮದ್ದು

ಮುಲ್ಲೈ ಪೆರಿಯಾರಿನ ನೀರು ಕಾಲುವೆಗೆ ಇಳಿದು, ಕೂಡಲೂರಿನಿಂದ ಚಿನ್ನಮನೂರಿನ ತನಕ ನಾಟಿ ಮುಗಿಯಿತೆಂದರೆ ನಮ್ಮ ಕಂಬಂ ಕಣಿವೆಯಲ್ಲಿ ಸಂಜೆಯ ಹೊತ್ತು ಜಗುಲಿಯ ಮೇಲೆ ಕುಳಿತುಕೊಳ್ಳುವಂತಿಲ್ಲ. ಮಕ್ಕಳು ಪುಸ್ತಕ ಹಿಡಿದು ಕುಳಿತರೆ ಒಂದು ಕೈ ಪುಸ್ತಕಕ್ಕೆ, ಇನ್ನೊಂದು ಕೈ ಕಾಲಿಗೆ. “ಅಂಗಡಿಯ ಸುರುಳಿಗೂ ಸೀಸೆಗೂ ದುಡ್ಡು ಸುರಿದು ಸಾಕಾಯಿತು, ನಮ್ಮ ಹಿರಿಯರ ಸೊಪ್ಪುಸದೆಯಲ್ಲಿ ಇದಕ್ಕೆ ಉಪಾಯವಿಲ್ಲವೆ?” ಎಂದು ನಮ್ಮ ಜನ ಕೇಳುತ್ತಿರುತ್ತಾರೆ. ಉಪಾಯ ಉಂಟು. ಆದರೆ ಸೊಪ್ಪಿನಲ್ಲಿರುವುದು ಅರ್ಧ ಉಪಾಯ ಮಾತ್ರ. ಉಳಿದರ್ಧ ನಮ್ಮ ನೀರಿನ ತೊಟ್ಟಿಯಲ್ಲಿಯೂ ಗದ್ದೆಯ ಮಡಿಯಲ್ಲಿಯೂ ಇದೆ. ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಆದುದರಿಂದ ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ.

೨೦೦೬ರಲ್ಲಿ ಚಿಕುನ್‌ಗುನ್ಯ ಜ್ವರವು ಕರ್ನಾಟಕ, ತಮಿಳುನಾಡು ಎನ್ನದೆ ದಕ್ಷಿಣದೇಶವನ್ನೆಲ್ಲ ಸುತ್ತಿತಷ್ಟೆ. ನಾವು ಆಗ ಉಪಾಧ್ಯಾಯರ ತರಬೇತಿ ಮುಗಿಸಿ ಬಂದ ಹೊಸಬರು. ಊರಿಗೆಲ್ಲ ಬುದ್ಧಿ ಹೇಳುವ ಉತ್ಸಾಹ. ದಿನವೂ ದೀಪ ಹಚ್ಚುವ ಹೊತ್ತಿಗೆ ಬೆರಣಿಯ ಕೆಂಡದ ಮೇಲೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕಿ ಮನೆಯ ಮೂಲೆ ಮೂಲೆಗೂ ಹೊಗೆ ತೋರಿಸುತ್ತಿದ್ದೆವು. ನಮ್ಮ ಮನೆಗೆ ಜ್ವರ ಬಾರದೆಂಬ ಧೈರ್ಯ. ಹೀಗಿರಲಾಗಿ ಒಂದು ಬೆಳಿಗ್ಗೆ ನಮ್ಮ ತಾಯಿ ಹಾಲು ಕರೆಯಲು ಕುಳಿತವರು ಏಳಲಾರದೆ ಹೋದರು. ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಕೀಲುನೋವು ಮಾತ್ರ ಮೂರು ತಿಂಗಳು ಬಿಡಲಿಲ್ಲ. ಬೆರಳು ಮಡಚಲಾಗದೆ ಹಸುವನ್ನು ಬೇರೆಯವರು ಕರೆಯಬೇಕಾಯಿತು. ನೆರೆಮನೆಯ ಮುದುಕಿಯೊಬ್ಬರು ತಾಯಿಯನ್ನು ನೋಡಲು ಬಂದವರು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋಗಿ, ಅಲ್ಲಿಂದಲೇ ಕೂಗಿದರು: “ಏನಪ್ಪಾ ವಾಧ್ಯಾರೇ, ಊರಿಗೆಲ್ಲ ಪಾಠ ಹೇಳ್ತೀಯ, ನಿನ್ನ ತೊಟ್ಟೀಲೇ ಹುಳ ಕುಣೀತಾವಲ್ಲ!” ಹೋಗಿ ನೋಡಿದರೆ ನಿಜ. ಮನೆಯ ಮುಂದೆ ಹೊಗೆ ಹಾಕಿ ಓಡಿಸುತ್ತಿದ್ದ ಸೊಳ್ಳೆಯನ್ನು ಮನೆಯ ಹಿಂದೆ ನಾವೇ ಸಾಕುತ್ತಿದ್ದೆವು.

ಇನ್ನೂ ಒಂದು ಮೂಢತನ ಇದರಲ್ಲಿ ಇತ್ತು. ನಾವು ಹೊಗೆ ಹಾಕುತ್ತಿದ್ದುದು ಸಂಜೆಯ ಮೇಲೆ. ಚಿಕುನ್‌ಗುನ್ಯ, ಡೆಂಗಿ ಜ್ವರಗಳನ್ನು ತರುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಹೆಚ್ಚಾಗಿ ಬೆಳಿಗ್ಗೆ ಹೊತ್ತೇರಿದ ಮೇಲೆ ಒಂದೆರಡು ಗಂಟೆ, ಮತ್ತೆ ಹೊತ್ತು ಮುಳುಗುವ ಮುಂಚೆ. ಅಂದರೆ ಮಕ್ಕಳು ಶಾಲೆಯಲ್ಲಿರುವಾಗ, ಹೆಂಗಸರು ಅಡಿಗೆಮನೆಯಲ್ಲಿ, ಹಿತ್ತಿಲಲ್ಲಿ ಇರುವಾಗ. ನಮ್ಮ ಹೊಗೆ ಏಳುವ ಹೊತ್ತಿಗೆ ಆ ಸೊಳ್ಳೆ ತನ್ನ ಕೆಲಸ ಮುಗಿಸಿರುತ್ತಿತ್ತು.

ಸೀಸೆಯಲ್ಲಿ ಒಂದು ಪಾಠ

ಶತ್ರುವಿನ ಗುಣ ತಿಳಿಯದೆ ಯುದ್ಧಕ್ಕೆ ಹೊರಡಬಾರದು. ನಾವು ಪ್ರತಿ ವರ್ಷ ಐದನೆಯ ತರಗತಿಯ ಮಕ್ಕಳಿಗೆ ಈ ಪಾಠವನ್ನು ಬಾಯಲ್ಲಿ ಹೇಳುವುದಿಲ್ಲ, ಸೀಸೆಯಲ್ಲಿ ತೋರಿಸುತ್ತೇವೆ. ನೀವೂ ಮನೆಯಲ್ಲಿ ಮಾಡಿ ನೋಡಿ. ಹುಳು ಕುಣಿಯುವ ನೀರನ್ನು ಒಂದು ಬಿಳಿಗಾಜಿನ ಸೀಸೆಯಲ್ಲಿ ತೆಗೆದುಕೊಂಡು, ಬಾಯಿಗೆ ತೆಳುಬಟ್ಟೆ ಕಟ್ಟಿ, ನೆರಳಿನಲ್ಲಿಡಿ. ಹುಳು ಆಗಾಗ ನೀರಿನ ಮೇಲಕ್ಕೆ ಬಂದು ಹೋಗುವುದನ್ನು ಕಾಣುತ್ತೀರಿ. ಅದಕ್ಕೆ ಮೀನಿನಂತೆ ನೀರಿನೊಳಗಿನ ಉಸಿರು ಸಾಲದು. ಬಾಲದ ಕಡೆಯಿಂದ ಗಾಳಿ ಎಳೆದುಕೊಳ್ಳಬೇಕು. ಕೆಲವು ದಿನಗಳ ಮೇಲೆ ಹುಳು ಮುದುರಿ ಅಲ್ಪವಿರಾಮದ ಗುರುತಿನಂತಾಗುತ್ತದೆ. ಇದು ಕೋಶದ ಅವಸ್ಥೆ, ಏನನ್ನೂ ತಿನ್ನುವುದಿಲ್ಲ. ಎರಡು ದಿನ ಕಳೆದರೆ ಕೋಶ ಒಡೆದು ರೆಕ್ಕೆಯ ಸೊಳ್ಳೆ ಬಟ್ಟೆಯ ಕೆಳಗೆ ಕುಳಿತಿರುತ್ತದೆ. ನಮ್ಮ ಕಡೆಯ ಬಿಸಿಲಿಗೆ ಮೊಟ್ಟೆಯಿಂದ ರೆಕ್ಕೆಯ ತನಕ ಏಳರಿಂದ ಹತ್ತು ದಿನ ಸಾಕು.

ಈ ಏಳು ದಿನದ ಲೆಕ್ಕವನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಇದರ ಮೇಲೆ ನಿಂತಿದೆ. ರೆಕ್ಕೆ ಬಂದ ಸೊಳ್ಳೆಯನ್ನು ಅಟ್ಟುವುದು ಕಷ್ಟ. ಅದು ನಿಮ್ಮ ಮನೆಯಿಂದ ನೆರೆಮನೆಗೆ ಹೋದೀತು, ಮತ್ತೆ ಬಂದೀತು. ರೆಕ್ಕೆ ಬರುವ ಮುಂಚೆ ಅದು ನೀರಿನಲ್ಲಿ ಸೆರೆ ಇದೆ. ಅಲ್ಲಿ ಅದನ್ನು ಮಕ್ಕಳೂ ಗೆಲ್ಲಬಲ್ಲರು.

ಇದನ್ನು ಕಂಡುಕೊಂಡವರಲ್ಲಿ ಒಬ್ಬನ ಕಥೆ ನಮ್ಮ ಕನ್ನಡನಾಡಿಗೇ ಸೇರಿದ್ದು. ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯ ೧೮೮೩ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದನು. ಅವನ ಬಂಗಲೆಯಲ್ಲಿ ಸೊಳ್ಳೆಯ ಕಾಟ ಬಹಳ. ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯೊಂದರಲ್ಲಿ ಹುಳು ತುಂಬಿರುವುದನ್ನು ಕಂಡು, ಅದನ್ನು ಬೋರಲು ಹಾಕಿಸಿದನು, ಕಾಟ ಇಳಿಯಿತು. ಮುಂದೆ ೧೮೯೭ರ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಇದೇ ರಾಸನು ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಬೀಜವನ್ನು ಕಂಡು, ೧೯೦೨ರಲ್ಲಿ ನೊಬೆಲ್ ಬಹುಮಾನ ಪಡೆದನು. ಬಹುಮಾನ ಬಂದದ್ದು ಸೂಕ್ಷ್ಮದರ್ಶಕದ ಕೆಲಸಕ್ಕೆ. ನಮ್ಮಂಥವರಿಗೆ ಬೆಂಗಳೂರಿನ ತೊಟ್ಟಿಯ ಕೆಲಸವೇ ಹೆಚ್ಚು ಉಪಯೋಗದ್ದು ಎಂದು ನಮ್ಮ ಅಭಿಪ್ರಾಯ.

ಕಚ್ಚುವುದು ಹೆಣ್ಣುಸೊಳ್ಳೆ ಮಾತ್ರ. ಮೊಟ್ಟೆ ಕಟ್ಟಲು ಅದಕ್ಕೆ ರಕ್ತ ಬೇಕು. ಗಂಡು ಹೂವಿನ ರಸ ಕುಡಿದು ಬದುಕುತ್ತದೆ. ಹೆಣ್ಣು ನಮ್ಮನ್ನು ಹುಡುಕುವುದು ನಮ್ಮ ಉಸಿರಿನಿಂದ, ಬೆವರಿನ ವಾಸನೆಯಿಂದ, ಮೈಯ ಕಾವಿನಿಂದ. ಎಲೆ, ಎಣ್ಣೆ, ಹೊಗೆ ಎಲ್ಲವೂ ಮಾಡುವುದು ಒಂದೇ ಕೆಲಸ: ಆ ದಾರಿಯನ್ನು ಮರೆಮಾಡುವುದು.

ಕಣಿವೆಯ ಸೊಳ್ಳೆ ಬೇರೆ, ದಿಂಡಿಗಲ್ಲಿನ ಸೊಳ್ಳೆ ಬೇರೆ

ನಮ್ಮ ಜನ ಎರಡು ಬಗೆಯ ಊರುಗಳಲ್ಲಿ ಇದ್ದಾರೆ. ಕೂಡಲೂರು, ಕಂಬಂ, ಉತ್ತಮಪಾಳ್ಯ, ಚಿನ್ನಮನೂರಿನ ಕಡೆಯವರು ನೀರಾವರಿಯವರು. ಪೆರಿಯಾರ್ ನೀರು ೧೮೯೫ರಲ್ಲಿ ಬೆಟ್ಟ ಕೊರೆದು ಈ ಕಡೆ ತಿರುಗಿದ ಮೇಲೆ ಕಣಿವೆಯಲ್ಲಿ ಸುಮಾರು ೧೪,೭೦೦ ಎಕರೆ ಎರಡು ಬೆಳೆಯ ಭತ್ತದ ಭೂಮಿಯಾಗಿದೆ. (ಆ ಅಣೆಕಟ್ಟೆ ಕಟ್ಟುವಾಗ ಕಾಡಿನ ಜ್ವರಕ್ಕೂ ರೋಗಕ್ಕೂ ಸಿಕ್ಕಿ ಸತ್ತ ಕೂಲಿಯವರು ನೂರಾರು. ಪೆನ್ನಿಕ್ವಿಕ್ ದೊರೆಯ ಪಟ ನಮ್ಮ ಮನೆಗಳ ಗೋಡೆಯ ಮೇಲಿದೆ. ಅವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ.) ಆಂಡಿಪಟ್ಟಿ, ದಿಂಡಿಗಲ್, ವೇಡಸಂದೂರಿನ ಕಡೆಯವರು ಮಳೆ ನಂಬಿದವರು. ಅಲ್ಲಿ ಕುಡಿಯುವ ನೀರೇ ಎಷ್ಟೋ ದಿನಕ್ಕೊಮ್ಮೆ. ಬಂದಾಗ ಡ್ರಮ್ಮು, ಅಂಡೆ, ಕೊಡ, ಸಿಮೆಂಟು ತೊಟ್ಟಿ ಎಲ್ಲವನ್ನೂ ತುಂಬಿಡಬೇಕು.

ನೀರಾವರಿಯವರನ್ನು ಕಾಡುವುದು ಗದ್ದೆಯ ನೀರಿನಲ್ಲಿ ಹುಟ್ಟುವ ಕಂದು ಸೊಳ್ಳೆ. ಇದು ಕತ್ತಲಾದ ಮೇಲೆ ಬರುತ್ತದೆ, ದೂರ ಹಾರುತ್ತದೆ, ಮನುಷ್ಯರಿಗಿಂತ ದನವೆಂದರೆ ಇದಕ್ಕೆ ಇಷ್ಟ. ಮಿದುಳುಜ್ವರ ತರುವ ವಿಷಾಣುವನ್ನು ಹಂದಿ, ಬೆಳ್ಳಕ್ಕಿಗಳಿಂದ ಮಕ್ಕಳಿಗೆ ಸಾಗಿಸುವುದು ಇಂಥ ಸೊಳ್ಳೆಯೇ. ಜಪಾನಿನ ಹೆಸರು ಹೊತ್ತ ಈ ಜ್ವರವನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು ೧೯೫೫ರಲ್ಲಿ, ತಮಿಳುನಾಡಿನ ವೇಲೂರಿನಲ್ಲಿ. ನೀರು ತುಂಬಿಡುವವರನ್ನು ಕಾಡುವುದು ಕಪ್ಪುಮೈಗೆ ಬಿಳಿಯ ಪಟ್ಟೆ ಇರುವ ಹಗಲು ಸೊಳ್ಳೆ. ಇದು ಹುಟ್ಟಿದ ಮನೆಯಿಂದ ಹೆಚ್ಚು ದೂರ ಹೋಗದು. ಕೆಲವು ನೂರು ಅಡಿಗಳೊಳಗೇ ಸುತ್ತುತ್ತದೆ. ಆದುದರಿಂದ ನಿಮ್ಮ ಮನೆಯಲ್ಲಿ ಪಟ್ಟೆಸೊಳ್ಳೆ ಕಂಡರೆ ದೂರದ ಚರಂಡಿಯನ್ನು ಬಯ್ಯಬೇಡಿ. ಅದು ನಿಮ್ಮ ಅಥವಾ ನೆರೆಮನೆಯ ಪಾತ್ರೆಯದು. ಮೂರನೆಯದು ಮಲೇರಿಯಾ ಸೊಳ್ಳೆ. ಗೋಡೆಯ ಮೇಲೆ ಬಾಲ ಮೇಲೆತ್ತಿ ಓರೆಯಾಗಿ ಕುಳಿತುಕೊಳ್ಳುತ್ತದೆ. ಇದರ ಹುಳು ನೀರಿನ ಮುಖದಲ್ಲಿ ಚಪ್ಪಟೆಯಾಗಿ ಮಲಗಿರುತ್ತದೆ. ಉಳಿದೆರಡರ ಹುಳು ತಲೆಕೆಳಗಾಗಿ ತೂಗಾಡುತ್ತವೆ. ಸೀಸೆಯಲ್ಲಿ ನೋಡಿ ಮಕ್ಕಳು ಬೇಗ ಹೇಳಿಬಿಡುತ್ತಾರೆ.

ಎಲೆ, ಹೊಗೆ, ಎಣ್ಣೆ

ಈಗ ಸೊಪ್ಪಿನ ಮಾತಿಗೆ ಬರೋಣ. ಬೇವನ್ನು ನಮ್ಮವರಿಗೆ ಯಾರೂ ಹೊಸದಾಗಿ ಪರಿಚಯ ಮಾಡಿಕೊಡಬೇಕಿಲ್ಲ. ಚಿತ್ತಿರೈ ತಿಂಗಳಲ್ಲಿ ವೀರಪಾಂಡಿಯ ಗೌಮಾರಿಯಮ್ಮನ ಜಾತ್ರೆಗೆ ಬೇವಿನ ಸೊಪ್ಪು ಹಿಡಿಯದೆ ಹೋದವರುಂಟೆ? ಮನೆಯಲ್ಲಿ ಯಾರಿಗಾದರೂ ‘ಅಮ್ಮ’ ಆದರೆ ಬಾಗಿಲಿಗೆ ಬೇವು ಸಿಕ್ಕಿಸುತ್ತೇವೆ. ಲಕ್ಕಿ ಗಿಡವನ್ನು ತಮಿಳಿನಲ್ಲಿ ನೊಚ್ಚಿ ಎನ್ನುತ್ತಾರೆ. ಹಳ್ಳದ ದಡದಲ್ಲಿ, ಬೇಲಿಯಲ್ಲಿ ತಾನಾಗಿ ಬೆಳೆಯುವ, ಐದು ಬೆರಳಿನಂಥ ಎಲೆಯ ಗಿಡ. ಮದರಾಸಿನ ನಗರಸಭೆಯವರು ೨೦೧೨ರ ಸುಮಾರಿಗೆ ಸೊಳ್ಳೆಯ ಕಾಟಕ್ಕೆಂದು ಇದರ ಸಸಿಗಳನ್ನು ಮನೆಗಳಿಗೆ ಹಂಚಿದರು. ನಮ್ಮಲ್ಲಿ ಆಡು ತಿನ್ನದೆ ಬಿಟ್ಟ ಗಿಡಕ್ಕೆ ಅಲ್ಲಿ ಬಂದ ಗೌರವ ನೋಡಿ! ಆದರೆ ಒಂದು ಮಾತು. ಕುಂಡದಲ್ಲಿ ಲಕ್ಕಿಯೋ ತುಳಸಿಯೋ ಮಜ್ಜಿಗೆಹುಲ್ಲೋ ಸುಮ್ಮನೆ ನಿಂತಿದ್ದ ಮಾತ್ರಕ್ಕೆ ಸೊಳ್ಳೆ ಓಡಿಹೋಗದು. ಎಲೆಯನ್ನು ಜಜ್ಜಿದಾಗ, ತಿಕ್ಕಿದಾಗ, ಕೆಂಡಕ್ಕೆ ಹಾಕಿದಾಗ ಮಾತ್ರ ಅದರೊಳಗಿನ ಎಣ್ಣೆ ಚೆನ್ನಾಗಿ ಹೊರಬೀಳುತ್ತದೆ. ಗದ್ದೆಗೆ ಸಂಜೆಯ ನೀರು ಕಟ್ಟಲು ಹೋಗುವಾಗ ಒಂದು ಹಿಡಿ ಲಕ್ಕಿ ಸೊಪ್ಪನ್ನು ಅಂಗೈಯಲ್ಲಿ ಹೊಸೆದು ಮೊಣಕಾಲಿನ ಕೆಳಗೆ ಒರಸಿಕೊಂಡರೆ ಸ್ವಲ್ಪ ಹೊತ್ತು ನೆಮ್ಮದಿ. ಅರ್ಧ ಗಂಟೆಗೊಮ್ಮೆ ಮತ್ತೆ ಒರಸಬೇಕು.

ಹೊಗೆ ಹಾಕುವವರು ಹಸಿಸೊಪ್ಪನ್ನು ಹಾಕಿ ಮನೆಯನ್ನು ಅಡಿಗೆಯ ಹೊಗೆಗೂಡು ಮಾಡಬಾರದು. ನೆರಳಲ್ಲಿ ಒಣಗಿಸಿದ ಸೊಪ್ಪು, ಸಣ್ಣ ಕೆಂಡ, ಹತ್ತು ನಿಮಿಷ. ಕಿಟಕಿ ಬಾಗಿಲು ತೆರೆದು ಸೊಳ್ಳೆ ಹೊರಗೆ ಹೋಗಲು ಬಿಟ್ಟು, ಆಮೇಲೆ ಮುಚ್ಚುವುದು. ಆ ಹತ್ತು ನಿಮಿಷ ಮಕ್ಕಳೂ ಉಬ್ಬಸದವರೂ ಬಸುರಿಯರೂ ಹೊರಗಿರಲಿ. ಸೊಪ್ಪಿನ ಹೊಗೆ ‘ಸಹಜ’ವಾದ್ದರಿಂದ ಎದೆಗೆ ಒಳ್ಳೆಯದೆಂಬುದು ತಪ್ಪು, ಹೊಗೆ ಯಾವುದಾದರೂ ಹೊಗೆಯೇ. ಅಂಗಡಿಯ ಸುರುಳಿಯೂ ಕಡಮೆಯದಲ್ಲ. ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ೭೫ರಿಂದ ೧೩೭ ಸಿಗರೇಟಿನಷ್ಟು ಸೂಕ್ಷ್ಮ ಧೂಳು ಹೊರಡುತ್ತದೆಂದು ೨೦೦೩ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಿಂದ ತಿಳಿದಿದೆ. ಮುಚ್ಚಿದ ಕೋಣೆಯಲ್ಲಿ ಮಗುವಿನ ತಲೆಯ ಬಳಿ ಅದನ್ನು ಇಡುವವರು ಇದನ್ನು ಯೋಚಿಸಬೇಕು.

ಕೊಟ್ಟಿಗೆಯ ಹೊಗೆಯ ವಿಷಯದಲ್ಲಿ ನಮ್ಮ ಅನುಭವ ಒಂದುಂಟು. ಮಾಟ್ಟುಪೊಂಗಲ್ ದಿನ ಕಂಬಂನ ನಂದಗೋಪಾಲನ ತೊಳುವಿಗೆ ಹೋಗಿ ಕೈಮುಗಿದು ಬರುವ ಜನ ನಾವು. ದನಕ್ಕೆ ಸೊಳ್ಳೆ ಕಚ್ಚಿದರೆ ಸಹಿಸೆವು. ಆದರೆ ಕೊಟ್ಟಿಗೆಗೆ ಮಾತ್ರ ಹೊಗೆ ಹಾಕಿ, ನಾವು ಪಕ್ಕದ ಜಗುಲಿಯಲ್ಲಿ ಬರಿಮೈಯಲ್ಲಿ ಮಲಗಿದರೆ, ದನವನ್ನು ಬಿಟ್ಟ ಸೊಳ್ಳೆ ನಮ್ಮ ಕಡೆಗೆ ಬರುತ್ತದೆ. ಕೊಟ್ಟಿಗೆಗೆ ಹೊಗೆ ಹಾಕುವ ದಿನ ಮನೆಯವರು ಪರದೆಯೊಳಗೆ ಇರಬೇಕು. ಸಾಧ್ಯವಿದ್ದವರು ಕೊಟ್ಟಿಗೆಯನ್ನು ಮಲಗುವ ಕೋಣೆಗೆ ತಾಗಿಸದೆ ದೂರ ಕಟ್ಟುವುದು ಒಳ್ಳೆಯದು.

ಎಣ್ಣೆಯ ವಿಷಯ ಹೆಚ್ಚು ನಂಬತಕ್ಕದ್ದು. ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದವರು ೧೯೯೦ರ ದಶಕದಲ್ಲಿ ಕೊಬ್ಬರಿ ಎಣ್ಣೆಗೆ ನೂರಕ್ಕೆ ೨ರಂತೆ ಬೇವಿನ ಎಣ್ಣೆ ಬೆರೆಸಿ ಮೈಗೆ ಹಚ್ಚಿ ಪರೀಕ್ಷಿಸಿದರು. ಮಲೇರಿಯಾ ಸೊಳ್ಳೆಯು ರಾತ್ರಿಯೆಲ್ಲ ಹತ್ತಿರ ಸುಳಿಯಲಿಲ್ಲ. ಬೇರೆ ಸೊಳ್ಳೆಗಳ ಮೇಲೆ ಗುಣ ಇಷ್ಟು ಕಾಣದು. ಮನೆಯ ಅಳತೆಯಲ್ಲಿ ಹೇಳುವುದಾದರೆ ಅರ್ಧ ಲೀಟರು ಕೊಬ್ಬರಿ ಎಣ್ಣೆಗೆ ಎರಡು ಸಣ್ಣ ಚಮಚ (ಹತ್ತು ಮಿಲಿಲೀಟರು) ಬೇವಿನ ಎಣ್ಣೆ. ಹೆಚ್ಚು ಹಾಕಿದರೆ ಹೆಚ್ಚು ಗುಣವೆಂದು ತಿಳಿಯಬೇಡಿ. ನಾತ ಹೆಚ್ಚುತ್ತದೆ, ಕೆಲವರಿಗೆ ಚರ್ಮ ಉರಿಯುತ್ತದೆ. ಮೊದಲ ದಿನ ಮೊಣಕೈಯ ಒಳಮಡಿಕೆಗೆ ಸ್ವಲ್ಪ ಹಚ್ಚಿ ಮರುದಿನದ ತನಕ ನೋಡಿ, ಆಮೇಲೆ ಕೈಕಾಲಿಗೆ ಹಚ್ಚಿಕೊಳ್ಳಿ.

ಇಲ್ಲಿ ತಾಯಂದಿರಿಗೆ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ. ಬೇವಿನ ಎಣ್ಣೆಯನ್ನು ಎಳೆಗೂಸಿನ ಬಾಯಿಗೆ ಒಂದು ತೊಟ್ಟೂ ಬಿಡಕೂಡದು. ಹೊಟ್ಟೆಹುಳುವಿಗೆ, ನೆಗಡಿಗೆ ಎಂದು ಬಿಡುವ ವಾಡಿಕೆ ಕೆಲವು ಮನೆಗಳಲ್ಲಿ ಇನ್ನೂ ಉಂಟು. ಅದರಿಂದ ಮಕ್ಕಳಿಗೆ ವಾಂತಿ, ಸೆಳವು ಬಂದು ಜೀವಕ್ಕೆ ಅಪಾಯವಾದುದನ್ನು ವೈದ್ಯರು ಬರೆದಿಟ್ಟಿದ್ದಾರೆ. ಕರ್ಪೂರವನ್ನು ಎಣ್ಣೆಯಲ್ಲಿ ಕರಗಿಸಿ ಕೂಸಿನ ಮೈಗೆ ಹಚ್ಚುವುದೂ ಸಲ್ಲದು; ಕರ್ಪೂರ ಹೊಟ್ಟೆಗೆ ಹೋದರೆ ಅದೂ ಸೆಳವು ತರುತ್ತದೆ. ಕೊಡೈಕಾನಲ್ಲಿಗೆ ಹೋದವರು ತರುವ ನೀಲಗಿರಿ ತೈಲವನ್ನು ಮಗುವಿನ ಕೈಗೆ ಎಟುಕದಂತೆ ಇಡಿ. ಮಕ್ಕಳಿಗೆ ಯಾವ ಎಣ್ಣೆ ಹಚ್ಚಿದರೂ ಅಂಗೈಗೂ ಕಣ್ಣಿನ ಸುತ್ತಲೂ ಹಚ್ಚಬಾರದು; ಕೈ ಬಾಯಿಗೆ ಹೋಗುತ್ತದೆ. ಎಳೆಗೂಸಿಗೆ ಎಣ್ಣೆಯೂ ಬೇಡ, ಹೊಗೆಯೂ ಬೇಡ, ಸೊಳ್ಳೆಪರದೆಯೊಂದೇ ಸಾಕು. ಪರದೆ ಕೊಳ್ಳುವಾಗ ಕಣ್ಣು ಸಣ್ಣದಿರುವುದನ್ನು ನೋಡಿ. ಒಂದು ಚದರ ಅಂಗುಲದಲ್ಲಿ ೧೫೬ ಕಣ್ಣಿರುವುದು ಸರಿಯಾದ ಪರದೆ. ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಬೇಕು. ಹಗಲು ಮಲಗುವ ಕೂಸಿಗೆ ಹಗಲೂ ಪರದೆ ಬೇಕು. ದೊಡ್ಡವರಿಗೆ ಫ್ಯಾನಿನ ಗಾಳಿಯೂ ಒಳ್ಳೆಯ ಕಾವಲು. ಸೊಳ್ಳೆ ಬಲವಾದ ಗಾಳಿಗೆ ಎದುರಾಗಿ ಹಾರಲಾರದು.

ಮನೆಯ ನೀರು

ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಅದು ಶನಿವಾರ, ಎಣ್ಣೆನೀರಿನ ದಿನ. ಏಳು ದಿನದ ಲೆಕ್ಕ ನೆನಪಿದೆಯಷ್ಟೆ. ಆ ದಿನ ಡ್ರಮ್ಮು, ತೊಟ್ಟಿ, ಅಂಡೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ತೆಗೆದು, ಒಳಗೋಡೆಯನ್ನು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಬೇಕು. ಉಜ್ಜುವುದೇ ಮುಖ್ಯ. ಪಟ್ಟೆಸೊಳ್ಳೆ ಮೊಟ್ಟೆಯಿಡುವುದು ನೀರಿನ ಮೇಲಲ್ಲ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಗೋಡೆಗೆ ಅಂಟಿಸಿ. ಆ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದು, ಮತ್ತೆ ನೀರು ಮುಟ್ಟಿದ ಕೂಡಲೆ ಒಡೆಯುತ್ತದೆ. ನಾವು ೨೦೦೬ರಲ್ಲಿ ತೊಟ್ಟಿಯನ್ನು ಆಗಾಗ ಖಾಲಿ ಮಾಡಿಯೇ ಇದ್ದೆವು, ಉಜ್ಜಿರಲಿಲ್ಲ.

ದಿಂಡಿಗಲ್ ಕಡೆಯ ಹೆಂಗಸರು ಇದನ್ನು ಓದಿ, “ನೀರೇ ಇಲ್ಲದಲ್ಲಿ ನೀರು ಚೆಲ್ಲು ಎನ್ನುತ್ತೀರಲ್ಲ” ಎನ್ನುವುದು ನಮಗೆ ಕೇಳಿಸುತ್ತದೆ. ಚೆಲ್ಲಬೇಕಿಲ್ಲ. ಸೋಸಿದ ನೀರನ್ನೇ ತಿರುಗಿ ತುಂಬಬಹುದು. ಡ್ರಮ್ಮಿನ ಬಾಯಿಗೆ ಹಳೆಯ ಪಂಚೆಯನ್ನು ಎರಡು ಮಡಿಕೆ ಮಾಡಿ ಹುರಿಯಿಂದ ಬಿಗಿದು ಕಟ್ಟಿದರೆ ಸೊಳ್ಳೆ ಒಳಗೆ ಹೋಗಲಾರದು. ಸಡಿಲವಾದ ತಟ್ಟೆಯ ಮುಚ್ಚಳ ಸಾಲದು. ಕುಡಿಯಲು ಬಳಸದ ದೊಡ್ಡ ತೊಟ್ಟಿಗೆ, ಬಾವಿಗೆ ಮೀನು ಬಿಡುವುದು ಎಲ್ಲಕ್ಕಿಂತ ಸುಲಭ. ಗಪ್ಪಿ ಎಂಬ ಒಂದಂಗುಲದ ಮೀನು ಮೊಟ್ಟೆಯಿಡದೆ ಮರಿ ಹಾಕುತ್ತದೆ; ಕೊಳಕು ನೀರಿಗೂ ಅಂಜದು. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ೧೯೯೦ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಬಾವಿಗಳಿಗೆ ಈ ಮೀನು ಬಿಡಿಸಿದರು. ಅಲ್ಲಿ ಮಲೇರಿಯಾ ಸೊಳ್ಳೆ ಹುಟ್ಟುತ್ತಿದ್ದುದು ಹೆಚ್ಚಾಗಿ ಬಾವಿಯಲ್ಲೇ. ಮೀನು ನೆಲೆಸಿದ ಮೇಲೆ ಜ್ವರ ಬಹಳವಾಗಿ ಇಳಿಯಿತು. ಆದರೆ ಈ ಮೀನನ್ನು ಹೊಳೆಗೂ ಕೆರೆಗೂ ಬಿಡಬೇಡಿ. ಇದು ಹೊರದೇಶದ್ದು; ನಮ್ಮ ನೀರಿನ ಮೀನುಗಳ ಪಾಲನ್ನು ಕಸಿಯುತ್ತದೆ.

ಇನ್ನು ತೋಟದ ಕಡೆ. ಇಲಿ ಕೊರೆದು ಬಿದ್ದ ತೆಂಗಿನಕಾಯಿ, ಕರಟ, ಕೋಕೋ ಕಾಯಿಯ ಸಿಪ್ಪೆ, ಬಿಸಾಡಿದ ಟಯರು, ದ್ರಾಕ್ಷಿ ಪಂದಲಿನ ಮುರಿದ ಕಲ್ಲುಕಂಬದ ಗುಳಿ, ದೀಪದ ಹಣತೆ, ಚಹಾ ಕುಡಿದೆಸೆದ ಲೋಟ ಇವುಗಳಲ್ಲಿ ನಿಂತ ಒಂದು ಚಮಚ ನೀರು ಪಟ್ಟೆಸೊಳ್ಳೆಗೆ ಧಾರಾಳ. ಬೆಳಗಿನ ಜೀಪಿನಲ್ಲಿ ಮಲೆಯ ಏಲಕ್ಕಿ ತೋಟಕ್ಕೆ ಕೂಲಿಗೆ ಹೋಗುವ ನಮ್ಮವರು ತುಂಬುತೋಳಿನ ಅಂಗಿ ಹಾಕಿಕೊಂಡು ಹೋಗಲಿ. ಅಲ್ಲಿ ಕಚ್ಚುವುದೂ ಹಗಲಿನದೇ.

ಗದ್ದೆಯ ನೀರು

ಇದು ಕೃಷಿಪುಟವಾದ್ದರಿಂದ ಗದ್ದೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಗದ್ದೆಯ ಸೊಳ್ಳೆ ಎಲ್ಲ ಕಾಲದಲ್ಲೂ ಒಂದೇ ಸಮನೆ ಹುಟ್ಟುವುದಿಲ್ಲ. ನಾಟಿಯಾದ ಮೊದಲ ಕೆಲವು ವಾರ, ಪೈರು ಗಿಡ್ಡವಾಗಿದ್ದು ನೀರಿನ ಮೇಲೆ ಬಿಸಿಲು ಬೀಳುತ್ತಿರುವಾಗ ಹೆಚ್ಚು. ಯೂರಿಯಾ ಎರಚಿದ ಮೇಲೆ ಹುಳು ಇನ್ನೂ ಹೆಚ್ಚುತ್ತದೆ. ಗೊಬ್ಬರದಿಂದ ಪಾಚಿಯಂಥ ಸೂಕ್ಷ್ಮಜೀವಿ ಬೆಳೆದು ಹುಳುವಿಗೆ ಆಹಾರವಾಗುತ್ತದೆ. ಮಧುರೆಯಲ್ಲಿದ್ದ ಕೇಂದ್ರ ಸರಕಾರದ ಸೊಳ್ಳೆ ಸಂಶೋಧನಾ ಕೇಂದ್ರದವರು ನಮ್ಮಂಥ ಭತ್ತದ ಗದ್ದೆಗಳಲ್ಲೇ ಇದನ್ನು ವರ್ಷಗಟ್ಟಲೆ ಎಣಿಸಿ ನೋಡಿದವರು. ೧೯೯೦ರ ದಶಕದ ಮೊದಲಲ್ಲಿ ಅವರು ಹೆಕ್ಟೇರಿಗೆ ೫೦೦ ಕಿಲೋದಂತೆ, ಅಂದರೆ ಎಕರೆಗೆ ೨೦೦ ಕಿಲೋ, ಬೇವಿನ ಹಿಂಡಿಯ ಪುಡಿಯನ್ನು ಬರಿದಾಗಿಯೂ ಯೂರಿಯಾಕ್ಕೆ ಲೇಪಿಸಿಯೂ ಹಾಕಿ ನೋಡಿದರು. ದೊಡ್ಡ ಹುಳುಗಳೂ ಕೋಶಗಳೂ ಎದ್ದು ಕಾಣುವಂತೆ ಕಡಮೆಯಾದವು. ಬೇವಿನಲ್ಲಿರುವ ಕಹಿಸತ್ವವು ಹುಳುವಿಗೆ ಪೊರೆ ಕಳಚಲು ಬಿಡುವುದಿಲ್ಲ. ಪೊರೆ ಕಳಚದ ಹುಳುವಿಗೆ ರೆಕ್ಕೆ ಬಾರದು. ಹಿಂಡಿಯ ಜೊತೆಗೆ ಗದ್ದೆಯನ್ನು ನಡುನಡುವೆ ಒಣಗಿಸಿದಲ್ಲಿ ಗುಣ ಇನ್ನೂ ಚೆನ್ನಾಗಿ ಕಂಡಿತು. ಇಳುವರಿಗೆ ಕೇಡಾಗುವ ಬದಲು ಅದು ಹೆಚ್ಚಿತು. ಬೇವು ಗೊಬ್ಬರದ ಸಾರವನ್ನು ನೀರಿನೊಡನೆ ಹರಿದುಹೋಗಲು ಬಿಡದೆ ನಿಧಾನವಾಗಿ ಪೈರಿಗೆ ಕೊಡುತ್ತದೆ. ೨೦೧೫ರಿಂದ ಸರಕಾರಿ ಯೂರಿಯಾ ಎಲ್ಲಕ್ಕೂ ಬೇವಿನ ಎಣ್ಣೆ ಸವರಿ ಬರುತ್ತಿದೆಯಲ್ಲ ಎನ್ನುವಿರಿ. ಅದರಲ್ಲಿರುವುದು ತೆಳುಲೇಪ, ಹಿಂಡಿಯ ಕೆಲಸ ಅದರಿಂದಾಗದು.

ನಡುನಡುವೆ ಒಣಗಿಸುವ ಈ ಕ್ರಮಕ್ಕೆ ಇಲ್ಲಿಯ ಬೇಸಾಯದ ಅಧಿಕಾರಿಗಳು ತಮಿಳಿನಲ್ಲಿ ‘ಕಾಯ್ಚಲುಂ ಪಾಯ್ಚಲುಂ’ ಎನ್ನುತ್ತಾರೆ: ಒಣಗಿಸುವುದು, ಹಾಯಿಸುವುದು. ತಮಿಳಿನಲ್ಲಿ ಕಾಯ್ಚಲ್ ಎಂದರೆ ಜ್ವರವೂ ಹೌದು. ಗದ್ದೆಗೆ ಕಾಯ್ಚಲ್ ಬಂದರೆ ಮನೆಗೆ ಕಾಯ್ಚಲ್ ಬಾರದು ಎಂದು ನಮ್ಮ ಮಕ್ಕಳು ತಮಾಷೆ ಮಾಡುತ್ತಾರೆ. ಮಾಡುವ ಬಗೆ ಹೀಗೆ. ನಾಟಿಯಾದ ಹತ್ತು ಹದಿನೈದು ದಿನ ಸಸಿ ಬೇರೂರಿ ಕಳೆ ಅಡಗುವ ತನಕ ತೆಳುನೀರು ನಿಲ್ಲಲಿ. ಆಮೇಲೆ ಎರಡಂಗುಲ ನೀರು ಕಟ್ಟಿ, ಅದು ಇಂಗಿ ನೆಲ ಕಾಣುವಂತಾಗಲು ಬಿಡಿ. ಮಣ್ಣಿನ ಒಳಗಿನ ನೀರು ಎಲ್ಲಿದೆ ಎಂದು ತಿಳಿಯಲು ಒಂದಡಿ ಉದ್ದದ, ಕೈ ಹಿಡಿಸುವ ದಪ್ಪದ ಪೈಪಿನ ಅರ್ಧಕ್ಕೆ ತೂತು ಕೊರೆದು, ತೂತಿನ ಭಾಗವನ್ನು ಮಣ್ಣಿನಲ್ಲಿ ಹೂಳಿ ಒಳಗಿನ ಮಣ್ಣು ತೆಗೆಯಿರಿ. ಪೈಪಿನೊಳಗೆ ನೀರು ಗದ್ದೆಯ ಮಟ್ಟಕ್ಕಿಂತ ಆರಂಗುಲ ಕೆಳಗಿಳಿದಾಗ ಮತ್ತೆ ಹಾಯಿಸಿದರೆ ಸಾಕು, ಪೈರು ಬಾಡದು. ಹೂ ಬರುವ ಕಾಲದಲ್ಲಿ ಮಾತ್ರ ಒಣಗಿಸಕೂಡದು. ಆಗ ನೀರು ನಿಂತಿರಲೇಬೇಕು, ಇಲ್ಲವಾದರೆ ಕಾಳು ಜೊಳ್ಳಾಗುತ್ತದೆ.

ಒಣಗಿದ ಮಡಿಯಲ್ಲಿ ಹುಳು ಎರಡು ದಿನವೂ ಬದುಕದು. ಆದರೆ ಮೂಲೆಯ ತಗ್ಗಿನಲ್ಲಿ, ಎತ್ತಿನ ಅಥವಾ ಟ್ರ್ಯಾಕ್ಟರಿನ ಹೆಜ್ಜೆಗುಳಿಯಲ್ಲಿ ನೀರು ನಿಂತರೆ ಹುಳುವೆಲ್ಲ ಅಲ್ಲಿಗೆ ಸೇರುತ್ತದೆ. ಆದುದರಿಂದ ನಾಟಿಗೆ ಮುಂಚೆ ಹಲಗೆ ಹೊಡೆದು ಸಮ ಮಾಡುವ ಕೆಲಸದಲ್ಲಿ ಜಿಪುಣತನ ಬೇಡ.

ನಿಜ ಹೇಳಬೇಕೆಂದರೆ ಇದರಲ್ಲಿ ಕಷ್ಟವೂ ಉಂಟು. ಬಾವಿಯ ನೀರಿನವರು ತಮ್ಮಿಷ್ಟಕ್ಕೆ ಒಣಗಿಸಬಲ್ಲರು. ಕಾಲುವೆಯ ಸರದಿಯವರು ಇಂದು ಬಿಟ್ಟ ನೀರು ಮತ್ತೆ ಎಂದು ಬರುತ್ತದೋ ಎಂದು ಗದ್ದೆ ತುಂಬಿಟ್ಟುಕೊಳ್ಳುತ್ತಾರೆ. ಅವರದು ತಪ್ಪೆನ್ನಲಾರೆವು. ಗದ್ದೆಯ ಸೊಳ್ಳೆ ದೂರ ಹಾರುವುದರಿಂದ ಒಬ್ಬನೇ ತನ್ನ ಎರಡೆಕರೆ ಒಣಗಿಸಿದರೆ ಊರಿಗೆ ಗುಣ ಕಾಣದು. ಒಂದು ಮಡೆಯ ಕೆಳಗಿನ ಹತ್ತಾರು 一ಕ್ಕಲಿನವರು ಕೂಡಿ ಮಾತಾಡಿ, ಸರದಿಯನ್ನು ಹೊಂದಿಸಿಕೊಂಡು, ಮೇಲಿನ ಮಡಿ ಒಂದು ವಾರ ಕೆಳಗಿನ ಮಡಿ ಒಂದು ವಾರ ಎಂದು ಒಣಗಿಸಬೇಕು. ನೀರಿನ ಜಗಳಕ್ಕೆ ಕೂಡುವ ಪಂಚಾಯಿತಿ ಇದಕ್ಕೂ ಕೂಡಬಹುದು.

ಅಜೋಲ ಬಿಡುವವರು ಕೇಳುತ್ತಾರೆ: ಅದು ನೀರಿನ ಮುಖವನ್ನು ಮುಚ್ಚಿದರೆ ಸೊಳ್ಳೆ ಹುಟ್ಟದೆ? ಗದ್ದೆಯ ಮುಖ ಹೆಚ್ಚುಕಡಮೆ ಪೂರ್ತಿ ಮುಚ್ಚಿದರೆ ಕಡಮೆಯಾಗುತ್ತದೆ. ಅಲ್ಲಲ್ಲಿ ತೇಲಿದರೆ ಪ್ರಯೋಜನವಿಲ್ಲ. ಗೊಬ್ಬರಕ್ಕೂ ದನದ ಮೇವಿಗೂ ಬಿಡುವವರು ಬಿಡಲಿ, ಸೊಳ್ಳೆಗಾಗಿಯೇ ಬಿಡಬೇಕಿಲ್ಲ. ಅದಕ್ಕಿಂತ ದೊಡ್ಡ ಉಪಕಾರ ಮಾಡುವವರು ಗದ್ದೆಯಲ್ಲಿ ಮೊದಲೇ ಇದ್ದಾರೆ: ಕಪ್ಪೆ, ಏರೋಪ್ಲೇನು ಚಿಟ್ಟೆಯ ಮರಿ, ಬೆನ್ನಡಿಯಾಗಿ ಈಜುವ ನೀರುತಿಗಣೆ, ಕಾಲುವೆಯಿಂದ ಬರುವ ತಲೆಯ ಮೇಲೆ ಬಿಳಿಚುಕ್ಕೆಯ ಸಣ್ಣ ಮೀನು. ನಾಟಿಯಾದ ಮೊದಲ ತಿಂಗಳಲ್ಲೇ ಎಲೆಯ ಮೇಲೆ ನಾಲ್ಕು ಹುಳು ಕಂಡವೆಂದು ಔಷಧ ಹೊಡೆದರೆ ಮೊದಲು ಸಾಯುವವು ಇವು. ಸೊಳ್ಳೆ ಒಂದು ವಾರದಲ್ಲಿ ತಿರುಗಿ ಹುಟ್ಟುತ್ತದೆ; ಏರೋಪ್ಲೇನು ಚಿಟ್ಟೆಗೆ ತಿಂಗಳುಗಳು ಬೇಕು.

ಇಷ್ಟು ಮಾಡಿದರೂ ಜ್ವರ ಬರಬಹುದು. ಜ್ವರದೊಡನೆ ಮಗುವಿಗೆ ಸೆಳವು, ಮಂಪರು, ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಸೊಪ್ಪಿನ ಕಷಾಯ ಕಾಯಿಸುತ್ತ ಕೂರದೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಿರಿ. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ್ದು. ಮೈ ತಣ್ಣಗಾಯಿತೆಂದು ಮೈಮರೆಯಬಾರದು. ವೈದ್ಯರು ಹೇಳದೆ ಆಸ್ಪಿರಿನ್ ಮಾತ್ರೆ ಕೊಡಬೇಡಿ. ಮಿದುಳುಜ್ವರದ ಲಸಿಕೆಯನ್ನು ಸರಕಾರ ಹಾಕುವ ಕಡೆಗಳಲ್ಲಿ ಒಂಬತ್ತು ತಿಂಗಳಿಗೊಮ್ಮೆ, ಒಂದೂವರೆ ವರ್ಷದ ಸುಮಾರಿಗೊಮ್ಮೆ ತಪ್ಪದೆ ಹಾಕಿಸಿ.

ನಮ್ಮ ತೊಟ್ಟಿಯಲ್ಲಿ ಈಗ ಗಪ್ಪಿ ಮೀನು ತುಂಬಿವೆ. ಶಾಲೆಯ ಮಕ್ಕಳು ಲೋಟದಲ್ಲಿ ಹಿಡಿದು ತಮ್ಮ ಮನೆಗೆ ಒಯ್ಯುತ್ತಾರೆ. ತೊಟ್ಟಿಯೊಂದಕ್ಕೆ ಹತ್ತು ಮೀನು ಸಾಕು. ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿಯೂ ವಿಚಾರಿಸಬಹುದು. ಒಯ್ಯುವಾಗ ಬಾಯಿ ಅಗಲವಾದ ಪಾತ್ರೆಯಲ್ಲಿ, ಆ ಮೀನಿದ್ದ ನೀರನ್ನೇ ಅರ್ಧ ತುಂಬಿ, ಸಂಜೆಯ ತಂಪಿನಲ್ಲಿ ಒಯ್ಯಿರಿ. ಬಾಟಲಿಯ ಮುಚ್ಚಳ ಬಿಗಿದು ಮಧ್ಯಾಹ್ನದ ಬಸ್ಸಿನಲ್ಲಿ ಒಯ್ದರೆ ಆಂಡಿಪಟ್ಟಿ ದಾಟುವಷ್ಟರಲ್ಲಿ ಮೀನು ಸತ್ತಿರುತ್ತದೆ. ಮನೆ ಮುಟ್ಟಿದ ಮೇಲೆ ಒಮ್ಮೆಲೆ ಸುರಿಯದೆ, ಪಾತ್ರೆಯನ್ನು ತೊಟ್ಟಿಯ ನೀರಿನಲ್ಲಿ ಸ್ವಲ್ಪ ಹೊತ್ತು ತೇಲಲು ಬಿಟ್ಟು, ಎರಡರ ಕಾವೂ ಒಂದಾದ ಮೇಲೆ ಬಾಗಿಸಿ ಬಿಡಿ.